ಕುಮಾರಿ ಹೇಮಲತಾಳ ಹದಿನೇಳು ಸರ್ಟಿಫಿಕೇಟು

ಜಗಳೂರು ಬಸ್ ಸ್ಟ್ಯಾಂಡಿನ ಎದುರಿಗೆ ಓಂಕಾರಪ್ಪನ ಸೈಕಲ್ ಷಾಪು. ಬಾಡಿಗೆಗೆ ಆರು ಸೈಕಲ್ಲು, ಗಾಳಿ ಹೊಡೆಯೋ ಪಂಪು, ಪಂಚರ್ ನೋಡೋಕೆ ಒಂದು ಬೋಗುಣಿ ನೀರು. ಇಷ್ಟು ಇದ್ದವನು ಒಂದು ಕಡೆ ಕೂತು ನೆಮ್ಮದಿಯಾಗಿ ಉಣ್ಣಬಹುದಿತ್ತು. ಕೂರಬೇಕಲ್ಲ! ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಆಸಾಮಿ. ಯಾವುದಾದರೂ ಬಸ್ಸು ಹಾರನ್ ಹೊಡೆದರೆ ಸಾಕು, ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ಬಿಟ್ಟು ಅದು ಎಲ್ಲಿಗೆ ಹೊರಟಿದೆ ಅಂತ ಕೇಳಿ ಬರುತ್ತಿದ್ದ.

ಅಂಥವನ ತಲೆಗೆ ಹುಳ ಬಿಟ್ಟವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಮೌಲಾಸಾಬ್. ಅದು ಎಪ್ಪತ್ತೈದನೇ ಇಸವಿ, ಓಂಕಾರಪ್ಪನ ಒಬ್ಬಳೇ ಮಗಳು ಕೊಟ್ರಮ್ಮ ಎಂಟನೇ ಕ್ಲಾಸಿಗೆ ಸೇರಿದ ತಿಂಗಳು. ಹುಡುಗಿಗೆ ಟೀಚರ್ ಆಗೋದೊಂದೇ ಆಸೆ. ಸೈಕಲ್ ಚೈನು ಹಾಕಿಸಿಕೊಳ್ಳುತ್ತಾ ಮೇಷ್ಟ್ರು ಸುಮ್ಮನೆ ಹೊತ್ತು ಹೋಗಲಿ ಅಂತ ಹೇಳಿದರು: ದಾವಣಗೆರೆ ಟ್ರೈನಿಂಗ್ ಕಾಲೇಜಿನಲ್ಲಿ ಇರೋದೇ ನಲವತ್ತು ಸೀಟು, ಬರೀ ಮಾರ್ಕ್ಸ್ ನೋಡಲ್ಲ, ಇಂಟರ್‌ವ್ಯೂ ಮಾಡ್ತಾರೆ, ಹಾಡು ಆಟ ಭಾಷಣ ಅಂತ ಸರ್ಟಿಫಿಕೇಟು ತಂದವರಿಗೆ ಮೇಲೊಂದಿಷ್ಟು ಮಾರ್ಕ್ಸ್ ಕೊಡ್ತಾರೆ. ಮೇಷ್ಟ್ರು ಹೇಳಿ ಮರೆತರು. ಓಂಕಾರಪ್ಪ ಆವತ್ತು ಮಧ್ಯಾಹ್ನ ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಕೈ ತೊಳೆದ.

ಮೊದಲು ಸಿಕ್ಕಿದ್ದು ಚನ್ನಗಿರಿ. ಅಲ್ಲಿ ಗಣೇಶನ ಪೆಂಡಾಲಿನಲ್ಲಿ ಹಾಡಿನ ಸ್ಪರ್ಧೆ ಅಂತ ಡ್ರೈವರ್ ಒಬ್ಬ ಹೇಳಿದ್ದ. ಎರಡು ಬಸ್ಸು ಬದಲಾಯಿಸಿ, ದಾರಿಯಲ್ಲಿ ಹುಡುಗಿ ವಾಂತಿ ಮಾಡಿಕೊಂಡು, ಅಂತೂ ತಲುಪಿದರು. ಮೈಕಿನಲ್ಲಿ, "ಈಗ ಜಗಳೂರಿನ ಕುಮಾರಿ ಕೊಟ್ರಮ್ಮ" ಅಂತ ಕೂಗಿದ್ದೇ ತಡ, ಹಿಂದಿನಿಂದ ಯಾರೋ, "ಅಜ್ಜಿ ಕೋಲು ಹಿಡ್ಕಂಡು ಬರ್ತಾ ಐತೆ, ದಾರಿ ಬಿಡ್ರೋ" ಅಂದ. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಹುಡುಗಿಯ ಬಾಯಿಂದ ಹಾಡಿನ ಮೊದಲ ಸಾಲೇ ಹೊರಡಲಿಲ್ಲ. ಬಹುಮಾನದ ಮಾತು ಬಿಡಿ, ವೇದಿಕೆ ಇಳಿದು ಬರೋದೇ ಕಷ್ಟವಾಯಿತು.

ಆ ನಗೆ ಓಂಕಾರಪ್ಪನ ಎದೆಗೆ ನಾಟಿತು. ಯಾಕೆಂದರೆ ಕೊಟ್ರಮ್ಮ ಅನ್ನೋದು ಅವನ ತಾಯಿ ಹೆಸರು. ಇವನು ತೊಟ್ಟಿಲಲ್ಲಿದ್ದಾಗಲೇ ಗಂಡನ್ನ ಕಳಕೊಂಡು, ಅವರಿವರ ಹೊಲದಲ್ಲಿ ಶೇಂಗಾ ಕಿತ್ತು ಸಾಕಿದ ಹೆಂಗಸು. ಆಕೆ ತೀರಿಕೊಂಡ ವರ್ಷವೇ ಮಗಳು ಹುಟ್ಟಿದಳು. ಬೇರೆ ಹೆಸರು ಯಾರೂ ಬಾಯಿಗೆ ತರಕೂಡದು ಅಂತ ನಾಮಕರಣದ ದಿನ ನೆಂಟರ ಮುಂದೆ ಗುಡುಗಿದವನು ಇದೇ ಓಂಕಾರಪ್ಪ.

ಈಗ ಅದೇ ಓಂಕಾರಪ್ಪನ ಪ್ರತಾಪ ಕೇಳಿ. ನ್ಯಾಮತಿಯಲ್ಲಿ ಅವನ ಅಕ್ಕ ಪ್ರೇಮಮ್ಮನ ಮನೆ. ಅಲ್ಲಿಯ ಯುವಕ ಸಂಘದವರು ಭಾಷಣ ಸ್ಪರ್ಧೆ ಇಟ್ಟಿದ್ದರು. ಹೆಸರು ಬರೆದುಕೊಳ್ಳೋನು ಪೆನ್ನು ಹಿಡಿದು ತಲೆಯೆತ್ತಿ ನೋಡಿದ. ಓಂಕಾರಪ್ಪನ ಬಾಯಿಂದ, "ಕುಮಾರಿ ಹೇಮಲತಾ" ಅಂತ ಬಂತು. ದಾವಣಗೆರೆಯಲ್ಲಿ ಯಾವುದೋ ಫೋಟೋ ಸ್ಟುಡಿಯೋ ಬೋರ್ಡಿನ ಮೇಲೆ ಓದಿದ್ದ ಹೆಸರು. ಮಗಳು ಕಣ್ಣರಳಿಸಿ ಅಪ್ಪನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಬರೀ ಮೈಕಿಗೆ ಕಣವ್ವ, ಅಂತ ಅವನೇ ಆಮೇಲೆ ಸಮಾಧಾನ ಹೇಳಿದ. ಹೇಮಲತಾಗೆ ಎರಡನೇ ಬಹುಮಾನ ಬಂತು.

ಬಂತಲ್ಲ, ಮುಗೀತು. ಆಮೇಲೆ ಅವನನ್ನ ಹಿಡಿಯೋರು ಯಾರು? ಕೆರೆಬಿಳಚಿಯಲ್ಲಿ ರಾಜ್ಯೋತ್ಸವದ ಪ್ರಬಂಧ, ಸವಳಂಗದಲ್ಲಿ ಓಟ, ಹೊನ್ನಾಳಿಯಲ್ಲಿ ರಂಗೋಲಿ, ಎಲ್ಲ ಕಡೆಯೂ ಹೇಮಲತಾ ಅನ್ನೋ ಹೆಸರೇ. ರಂಗೋಲಿ ಹುಡುಗಿಯ ಕೈಗೆ ಹತ್ತದ ವಿದ್ಯೆ, ಆದರೂ ಭಾಗವಹಿಸಿದ್ದಕ್ಕೆ ಒಂದು ಕಾಗದ ಕೊಟ್ಟರು, ಓಂಕಾರಪ್ಪ ಅದನ್ನೂ ಬಿಡಲಿಲ್ಲ. ಒಂಬತ್ತನೇ ಕ್ಲಾಸಿನ ಬೀಜಗಣಿತವನ್ನೆಲ್ಲ ಹುಡುಗಿ ಬಸ್ಸಿನ ಸೀಟಿನಲ್ಲೇ ಕಲಿತಳು. ಹುಡುಗಿ ಸೊರಗಿ ಕಡ್ಡಿಯಾಗ್ಯಾಳೆ, ಷಾಪಿಗೆ ವಾರಕ್ಕೆ ಮೂರು ದಿನ ಬೀಗ, ಇದ್ಯಾವ ಹುಚ್ಚು ನಿಮಗೆ ಅಂತ ಹೆಂಡತಿ ಅನ್ನಪೂರ್ಣಮ್ಮ ರೇಗುತ್ತಿದ್ದಳು. ಪಾಪ, ಆಕೆಗೆ ಓದು ಬರಹ ಬಾರದು. ಟ್ರಂಕಿನಲ್ಲಿ ಮಡಿ ಪಂಚೆಯ ಕೆಳಗೆ ಯಾರ ಹೆಸರಿನ ಕಾಗದ ಸೇರುತ್ತಿದೆ ಅಂತ ಆಕೆಗೆ ಹೇಗೆ ಗೊತ್ತಾಗಬೇಕು?

ಎಪ್ಪತ್ತೆಂಟರಲ್ಲಿ ಕೊಟ್ರಮ್ಮ ಎಸ್ಸೆಸ್ಸೆಲ್ಸಿ ಪಾಸಾದಳು, ಫಸ್ಟ್ ಕ್ಲಾಸು. ಇಂಟರ್‌ವ್ಯೂ ದಿನ ಓಂಕಾರಪ್ಪ ಕಾಲೇಜಿನ ಅಂಗಳ ಎಷ್ಟು ಸಲ ಅಳೆದನೋ, ಜವಾನ ಬೈದು ಒಂದು ಕಡೆ ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಒಳಗಿನಿಂದ, ತಂದೆಯೂ ಬರಬೇಕಂತೆ ಅಂತ ಕರೆ ಬಂತು.

ಪ್ರಿನ್ಸಿಪಾಲರು ವಯಸ್ಸಾದ ಹೆಂಗಸು. ಮುಂದೆ ಅರ್ಜಿ, ಪಕ್ಕದಲ್ಲಿ ಹದಿನೇಳು ಸರ್ಟಿಫಿಕೇಟು. "ಅರ್ಜಿಯಲ್ಲಿ ಓ. ಕೊಟ್ರಮ್ಮ ಅಂತಿದೆ. ಈ ಹೇಮಲತಾ ಯಾರು?" ಅಂತ ಕೇಳಿದರು.

ಅಯ್ಯೋ ಪುಣ್ಯಾತ್ಮ! ಮೂರು ವರ್ಷ, ಅಷ್ಟು ಬಸ್ಸು, ಅಷ್ಟು ಊರು. ಒಂದು ದಿನವಾದರೂ ಇದು ಹೊಳೆಯಬಾರದಾ? ಶಾಲೆಯ ರಿಜಿಸ್ಟರಿನಲ್ಲಿ ಇರೋದು ಒಂದು, ಟ್ರಂಕಿನಲ್ಲಿ ಇರೋದು ಇನ್ನೊಂದು ಅನ್ನೋದು ಅವನಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ಪ್ರಿನ್ಸಿಪಾಲರು ಕೆಟ್ಟವರಲ್ಲ. ಬರೀ ಮಾರ್ಕ್ಸಿನ ಮೇಲೆ ಹೋದರೆ ನಲವತ್ತರೊಳಗೆ ಬರೋದು ಕಷ್ಟ, ಈ ಸರ್ಟಿಫಿಕೇಟು ಲೆಕ್ಕಕ್ಕೆ ಹಿಡಿದರೆ ಬರ್ತಾಳೆ, ಇಬ್ಬರೂ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ ಸಂಜೆ ಐದರೊಳಗೆ ತನ್ನಿ ಅಂದರು. ಮಾರನೇ ಬೆಳಿಗ್ಗೆಯೇ ಪಟ್ಟಿ ಹಾಕೋರಿದ್ದರು.

ಓಂಕಾರಪ್ಪ ಓಡಿದ. ಮಗಳು ಹಿಂದಿನಿಂದ ಓಡಿದಳು. ಕೋರ್ಟಿನ ಮುಂದೆ ಬೇವಿನ ಮರದಡಿ ಸಣ್ಣತಿಮ್ಮಪ್ಪ ಅಂತ ಒಬ್ಬ ಟೈಪಿಸ್ಟು ಪೆಟ್ಟಿಗೆ ಮೇಲೆ ಮಿಷನ್ ಇಟ್ಟುಕೊಂಡು ಕೂತಿದ್ದ. ಛಾಪಾ ಕಾಗದ ಏರಿಸಿ, ಕೊಟ್ರಮ್ಮ ಉರುಫ್ ಹೇಮಲತಾ ಅಂತ ಪಟಪಟ ಹೊಡೆದ. ಆಮೇಲೆ ಕೈ ನಿಲ್ಲಿಸಿ, ಎರಡು ಹೆಸರು ಯಾಕೆ ಅಂತ ಕಾರಣ ಬೇಕು, ಇಲ್ಲದಿದ್ರೆ ಸಾಹೇಬ್ರು ಸಹಿ ಹಾಕಲ್ಲ ಅಂದ. ಓಂಕಾರಪ್ಪ ತಡವರಿಸೋದು ನೋಡಿ ಅವನೇ ದಾರಿಯನ್ನೂ ತೋರಿಸಿದ. ಮನೆಯಲ್ಲಿ ಹೇಮಲತಾ ಅಂತ ಕರೀತೀವಿ ಅಂತ ಹಾಕ್ತೀನಿ, ಎಲ್ಲಾರೂ ಅದನ್ನೇ ಹಾಕಿಸ್ತಾರೆ.

ಹಾಕ್ರಿ ಅನ್ನಲು ಓಂಕಾರಪ್ಪ ಬಾಯಿ ತೆರೆದಿದ್ದ. ಹಿಂದೆ ನಿಂತಿದ್ದ ಮಗಳು ಮೆಲ್ಲಗೆ, "ಮನೆಯಾಗೆ ಯಾರೂ ನನ್ನ ಹಂಗೆ ಕರೆದಿಲ್ಲಲ್ಲಪ್ಪ" ಅಂದಳು.

ನಿಜ. ಮನೆಯಲ್ಲಿ ದಿನಕ್ಕೆ ನೂರು ಸಲ ಕೊಟ್ರವ್ವಾ ಅಂತ ಕೂಗೋದು. ದೇವರ ಮೇಲೆ ಪ್ರಮಾಣ ಮಾಡಿ, ನಮ್ಮ ಮನೆಯಲ್ಲಿ ತಾಯಿ ಹೆಸರು ಇಲ್ಲ ಅಂತ ಬರೆಸೋದಾ? ಆಚೆ ರಸ್ತೆಯಲ್ಲಿ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಕೋರ್ಟಿನ ಗಡಿಯಾರದಲ್ಲಿ ಮೂರೂವರೆ ಆಗಿತ್ತು. ಓಂಕಾರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಬರ್ಕೊಳ್ರಿ," ಅಂದ. "ನನ್ನ ತಾಯಿ ಹೆಸರನ್ನ ನಾಲ್ಕು ಜನದ ಮುಂದೆ ಹೇಳಾಕೆ ನನಗೆ ನಾಚಿಕೆ ಆಯ್ತು. ಅದಕ್ಕೇ ಮಗಳಿಗೆ ಬ್ಯಾರೆ ಹೆಸರು ಹೇಳಿದೆ."

ಸಣ್ಣತಿಮ್ಮಪ್ಪ ಮಿಷನ್ನಿನಿಂದ ಎರಡೂ ಕೈ ತೆಗೆದ. ಇಪ್ಪತ್ತು ವರ್ಷದಿಂದ ಟೈಪ್ ಮಾಡ್ತಿದೀನಿ, ಇಂಥದ್ದು ಯಾರೂ ಬರೆಸಿಲ್ಲ ಮಾರಾಯ, ಒಂದು ಸಲ ಹೊಡೆದರೆ ಅಳಿಸಾಕೆ ಬರಲ್ಲ ಅಂದ. ಆಮೇಲೆ ಹುಡುಗಿಯ ಕಡೆ ತಿರುಗಿ, ಬರೀಲೇನವ್ವ ಅಂತ ಕೇಳಿದ.

ಕೊಟ್ರಮ್ಮನ ಕಣ್ಣು ತುಂಬಿತ್ತು. "ಬರೀರಿ," ಅಂದಳು. "ಮಗಳಿಗೂ ಆ ಬ್ಯಾರೆ ಹೆಸರೇ ಚಲೋ ಅನ್ನಿಸಿತ್ತು, ಅದಕ್ಕೇ ಸುಮ್ಮನಿದ್ದಳು. ಅದನ್ನೂ ಸೇರಿಸ್ರಿ."

ಅವನು ಎರಡನ್ನೂ ಹೊಡೆದ. ಸಹಿ ಮಾಡೋ ಸಾಹೇಬರು ಗಟ್ಟಿಯಾಗಿ ಓದಿ, ಇದು ಸತ್ಯವೇ ಅಂತ ಕೇಳಿದಾಗ ಅಪ್ಪ ಮಗಳು ಇಬ್ಬರೂ ಹೌದು ಅಂದರು. ಐದಕ್ಕೆ ಹತ್ತು ನಿಮಿಷ ಇದ್ದಾಗ ಪ್ರಿನ್ಸಿಪಾಲರ ಕೈಗೆ ಕೊಟ್ಟರು. ಅವರು ಅದನ್ನ ಎರಡು ಸಲ ಓದಿದರು, ಅರ್ಜಿಗೆ ಪಿನ್ನು ಚುಚ್ಚಿದರು.

ಮಾರನೇ ಬೆಳಿಗ್ಗೆ ಪಟ್ಟಿ ಬಿತ್ತು. ಮೂವತ್ತೊಂದನೇ ಸಾಲಿನಲ್ಲಿ ಓ. ಕೊಟ್ರಮ್ಮ ಅಂತಿತ್ತು, ಅಷ್ಟೇ, ಉರುಫ್ ಅಂತ ಏನೂ ಇರಲಿಲ್ಲ. ಓಂಕಾರಪ್ಪ ಅದರ ಮೇಲೆ ಬೆರಳಿಟ್ಟು, "ಅವ್ವಾ" ಅಂದ. ಯಾರನ್ನ ಕರೆದನೋ ಅವನಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಮಗಳು, "ಏನಪ್ಪ?" ಅಂದಳು.