ಬ್ಯಾನರಿನಲ್ಲಿ ನನ್ನ ಮುಖ

ಏಳನೇ ತರಗತಿಗೆ ಬಂದರೂ ನನಗೆ ಓದಲು ಬರುತ್ತಿರಲಿಲ್ಲ. ಒತ್ತಕ್ಷರ ಕಂಡರೆ ನಾಲಿಗೆ ಕಟ್ಟಿಹೋಗುತ್ತಿತ್ತು. ಹಳೇಬೀಡಿನ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಪಕ್ಕದವಳು ಓದಿದ್ದನ್ನು ಬಾಯಿಪಾಠ ಮಾಡಿಕೊಂಡು ಹೇಗೋ ದಿನ ತಳ್ಳುತ್ತಿದ್ದೆ.

ಆ ವರ್ಷ ಒಂದು ಸಂಸ್ಥೆಯವರು ನಮ್ಮ ಬಸ್ತಿಹಳ್ಳಿಯ ಸಮುದಾಯ ಭವನದಲ್ಲಿ ಸಂಜೆ ಕಲಿಕಾ ಕೇಂದ್ರ ತೆರೆದರು. ಕಲಿಸಲು ಒಬ್ಬರು ಅಕ್ಕ ಬಂದರು. ಬೇರೆ ಜಿಲ್ಲೆಯವರು, ಹಳೇಬೀಡಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಮೊದಲ ದಿನ ಪುಸ್ತಕವನ್ನೇ ತೆಗೆಯಲಿಲ್ಲ. ಮನೆಯಲ್ಲಿ ಏನು ವಿಶೇಷ ಎಂದು ಕೇಳಿದರು. ಹಸು ಕರ ಹಾಕೈತೆ ಅಂದೆ. ಅದನ್ನೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು, 'ಐತೆ'ಯನ್ನು 'ಇದೆ' ಎಂದು ತಿದ್ದದೆ. ನನ್ನ ಮಾತನ್ನು ನಾನೇ ಬೆರಳಿಟ್ಟು ಓದಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವ್ವನಿಗೆ ಪೇಪರ್ ಓದಿ ಹೇಳುತ್ತಿದ್ದೆ.

ಅದಾದ ಮೇಲೆ ಬೆಂಗಳೂರಿನಿಂದ ಅತಿಥಿಗಳು ಬಂದರು. ನನ್ನ ಕೈಗೆ ಪುಸ್ತಕ ಕೊಟ್ಟು ಓದಿಸಿದರು, ಚಪ್ಪಾಳೆ ತಟ್ಟಿದರು, ಫೋಟೋ ತೆಗೆದುಕೊಂಡು ಹೋದರು. ಕೆಲವು ವಾರಗಳಲ್ಲಿ ನಮ್ಮ ಶಾಲೆಯ ಗೇಟಿನ ಎದುರಿಗೇ ಬ್ಯಾನರ್ ಕಟ್ಟಿದರು. ಅದರ ತುಂಬಾ ನನ್ನ ಮುಖ. ಕೆಳಗೆ ಬರೆದಿದ್ದನ್ನು ನಾನೇ ಓದಿದೆ: 'ಏಳನೇ ತರಗತಿಯಲ್ಲೂ ಅಕ್ಷರ ಬಾರದಿದ್ದ ಹುಡುಗಿ ಇಂದು ಓದುತ್ತಾಳೆ.'

ಅಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದು ಇಡೀ ಶಾಲೆಗೆ ಗೊತ್ತಾಯಿತು. ಹುಡುಗರು ನನ್ನನ್ನು 'ಅಕ್ಷರ ಬಾರದವಳು' ಎಂದೇ ಕರೆಯತೊಡಗಿದರು. ನಾನು ಶಾಲೆಗೆ ಹೋಗಲ್ಲ ಎಂದು ಹಟ ಹಿಡಿದೆ.

ಅಕ್ಕ ನಮ್ಮ ಮನೆಗೆ ಬಂದು ಅವ್ವನ ಮುಂದೆ ಅತ್ತರು. ಬ್ಯಾನರಿನ ವಿಷಯ ಅವರಿಗೂ ಗೊತ್ತಿರಲಿಲ್ಲವಂತೆ. ಮಾರನೆಯ ದಿನ ನಮ್ಮಿಬ್ಬರನ್ನೂ ಅರಸೀಕೆರೆಯಲ್ಲಿದ್ದ ಸಂಸ್ಥೆಯ ಆಫೀಸಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಮೇಲಿನವರು ನಮ್ಮನ್ನು ಕೂರಿಸಿ, ಕಾಫಿ ತರಿಸಿ, ಇದರಿಂದ ಬೇರೆ ಮಕ್ಕಳಿಗೆ ಸ್ಫೂರ್ತಿ ಸಿಗುತ್ತದೆ, ನೀವು ಹೆಮ್ಮೆಪಡಬೇಕು ಎಂದು ನಯವಾಗಿ ತಿಳಿಹೇಳಿದರು.

ಅವ್ವ ಕಾಫಿ ಮುಟ್ಟಲಿಲ್ಲ. "ನಿಮ್ ಮಗಳಿಗೆ ಓದಕ್ಕೆ ಬರದೇ ಇದ್ದಿದ್ರೆ ಹಿಂಗೇ ಬೀದೀಲಿ ಕಟ್ಟುಸ್ತಿದ್ರಾ ಸಾರ್?" ಅಂದಳು.

ಅವರು ಅಕ್ಕನ ಕಡೆ ತಿರುಗಿ, ಇಂಥವರನ್ನೆಲ್ಲ ಆಫೀಸಿಗೆ ಯಾಕೆ ಕರೆತಂದಿರಿ ಎಂದು ಇಂಗ್ಲಿಷಿನಲ್ಲಿ ಗದರಿದರು. ನನಗೂ ಅವ್ವನಿಗೂ ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ಎದ್ದು ನನ್ನ ಕೈ ಹಿಡಿದು ಹೊರಗೆ ಬಂದಳು.

ಬ್ಯಾನರ್ ಬಿಸಿಲಿಗೆ ತಾನಾಗಿ ಹರಿಯುವವರೆಗೂ ಅಲ್ಲೇ ಇತ್ತು. ಅಕ್ಕನನ್ನು ಮಾತ್ರ ಅದೇ ತಿಂಗಳು ಕೆಲಸದಿಂದ ಬಿಡಿಸಿದರು. ಆಮೇಲೆ ಬಂದವರು ಟ್ಯಾಬ್ ಹಂಚಿ, ಹಾಜರಿ ಹಾಕಿಕೊಂಡು ಹೋಗುತ್ತಿದ್ದರು. ಒಂದು ದಿನ ಪ್ರಾಜೆಕ್ಟ್ ಮುಗಿಯಿತು ಎಂದು ಭವನಕ್ಕೆ ಬೀಗ ಹಾಕಿದರು. ನನ್ನ ಜೊತೆ ಕೂರುತ್ತಿದ್ದ ಚಿಕ್ಕ ಹುಡುಗಿಯರು ಅರ್ಧ ಕಲಿತಿದ್ದನ್ನೂ ಮರೆತರು. ನಾನು ಅವ್ವನ ಬಲವಂತಕ್ಕೆ ಮತ್ತೆ ಶಾಲೆಗೆ ಹೋದೆ, ತಲೆ ತಗ್ಗಿಸಿಕೊಂಡೇ ಓದಿದೆ.

ಈಗ ನಾನು ಹಾರನಹಳ್ಳಿ ಕಡೆಯ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಹೋದ ವರ್ಷ ಅದೇ ಸಂಸ್ಥೆಯವರು ಬೇಲೂರಿನಲ್ಲಿ ಸಮಾರಂಭ ಇಟ್ಟುಕೊಂಡು, ನಮ್ಮಲ್ಲಿ ಕಲಿತವರು ನೀವು, ಬಂದು ನಾಲ್ಕು ಮಾತಾಡಿ ಎಂದು ಕರೆದರು. ಅಕ್ಕನ ವಿಳಾಸ ಸಿಗಬಹುದೆಂಬ ಒಂದೇ ಆಸೆಗೆ ಹೋದೆ. ಬಾಗಿಲಲ್ಲೇ ಅವರ ಹೆಸರು ಹೇಳಿ ವಿಚಾರಿಸಿದೆ.

"ಆಗ ತುಂಬಾ ಜನ ಬಂದು ಹೋಗಿದ್ದಾರೆ ಮೇಡಂ, ಯಾರನ್ನ ಅಂತ ನೆನಪಿಟ್ಟುಕೊಳ್ಳೋದು?" ಅಂದಳು ಹೂವು ಕೊಡುತ್ತಿದ್ದ ಹುಡುಗಿ. ಪಾಪ, ಅವಳೂ ಹೊಸಬಳು.

ನನ್ನ ಹೆಸರು ಕೂಗುವ ಮೊದಲೇ ಎದ್ದು ಬಂದು ಬಸ್ ಹತ್ತಿದೆ. ಅಕ್ಕ ಎಲ್ಲಿದ್ದಾರೋ ಇವತ್ತಿಗೂ ತಿಳಿಯದು.