ಏಳನೇ ಫಾರಂ

ಫಾರಂ ಎಂದರೆ ನಿಮ್ಮ ಪಾಲಿಗೆ ಅರ್ಜಿ. ಹೆಸರು, ವಿಳಾಸ ತುಂಬಿ, ಸಹಿ ಹಾಕಿ ಕಿಟಕಿಯೊಳಗೆ ತೂರಿಸುವ ಹಾಳೆ. ನಮ್ಮ ಪ್ರೆಸ್ಸಿನಲ್ಲಿ ಆ ಪದದ ಹಣೆಬರಹವೇ ಬೇರೆ. ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದ ಸೀಸದ ಪುಟಗಳನ್ನು ಫಾರಂ ಎನ್ನುತ್ತಿದ್ದರು. ಎತ್ತಲು ಇಬ್ಬರು ಬೇಕಾಗುತ್ತಿತ್ತು. ಮೆಷಿನ್ ನಡೆಸುವವನಿಗೆ ಎರಡೂ ಬದಿ ಅಚ್ಚಾದ ದೊಡ್ಡ ಹಾಳೆಯೇ ಫಾರಂ. ಹಿಂದಿನ ಕೋಣೆಯ ಬೈಂಡಿಂಗ್ ಮೇಜಿನವರು ಇದ್ಯಾವುದನ್ನೂ ಒಪ್ಪುವುದಿಲ್ಲ. ಆ ಹಾಳೆಯನ್ನು ಮೂರು ಸಲ ಮಡಚಿ, ಹದಿನಾರು ಪುಟ ಮಾಡಿದ ಮೇಲೆಯೇ ಅದು ಫಾರಂ. ಕರಡು ತಿದ್ದುವ ನನ್ನನ್ನು ಕೇಳಿದರೆ ನಾನು ಈ ಕೊನೆಯವರ ಪಕ್ಷ. ಅದಕ್ಕೆ ಕಾರಣ ಹದಿನಾರಮ್ಮ.

ಮೂವತ್ತೊಂದು ವರ್ಷದಿಂದ ಅದೇ ಮೇಜಿನಲ್ಲಿ ಹಾಳೆಯನ್ನು ಹದಿನಾರು ಪುಟಕ್ಕೆ ಮಡಚುತ್ತಿದ್ದಾರೆ, ಹಾಗಾಗಿ ಆ ಹೆಸರು. ಜಗತ್ತನ್ನೆಲ್ಲ ಫಾರಮ್ಮಿನಲ್ಲೇ ಅಳೆಯುತ್ತಾರೆ. ಮಾಲೀಕರ ಬೈಗುಳ ಅರ್ಧ ಫಾರಂ. ನಾನು ಕೊಡುವ ಸಲಹೆ ಮೂರು ಫಾರಂ, "ಅದ್ರಲ್ಲಿ ಎರಡು ರದ್ದಿ ಕಣಪ್ಪ, ಕರಡಪ್ಪ." ನಿಮ್ಮ ಕಥೆ ಎಷ್ಟು ಫಾರಂ ಆದೀತು ಎಂದು ಒಮ್ಮೆ ಕೇಳಿದೆ. "ನಾಲ್ಕು ಪುಟ. ಮಿಕ್ಕಿದ್ದು ಖಾಲಿ ಬಿಡ್ಬೇಕು," ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ. ತಮ್ಮ ಒಬ್ಬನಿದ್ದಾನೆ, ಕಾಗದ ಬರೆದರೆ ಉತ್ತರ ಬರೆಯುವಷ್ಟು ಮಾತ್ರ. ಇರುವುದು ಒಂದು ಕೋಣೆ, ಅದರಲ್ಲಿ ಒಂದೇ ಕುರ್ಚಿ.

ಮೇಜಿನ ಆಚೆ ಬದಿಯಲ್ಲಿ ಇಪ್ಪತ್ತೆರಡು ವರ್ಷ ಅವರ ಗೆಳತಿ ನಿಂತಿದ್ದರು. ಹದಿನಾರಮ್ಮ ಫಾರಂ ಮಡಚಿ, ಐವತ್ತೈವತ್ತರ ಕಟ್ಟು ಕಟ್ಟಿ, ಅದು ಎಷ್ಟನೇ ಫಾರಂ ಎಂದು ಮೇಲೊಂದು ಚೀಟಿ ಬರೆದಿಡುವುದು. ಗೆಳತಿ ಆ ಚೀಟಿ ನೋಡಿ ಕಟ್ಟುಗಳನ್ನು ಸಾಲಾಗಿಟ್ಟು, ಒಂದೊಂದರಿಂದ ಒಂದೊಂದು ಫಾರಂ ಎತ್ತಿ ಪುಸ್ತಕ ಜೋಡಿಸುವುದು. ಕೈಗೆ ಕೆಲಸ, ಬಾಯಿಗೆ ಬಿಡುವು. ಅವರ ಹರಟೆ ಕೇಳಲೆಂದೇ ನಾನು ಏನಾದರೊಂದು ನೆಪ ಹುಡುಕಿಕೊಂಡು ಹಿಂದಿನ ಕೋಣೆಗೆ ಹೋಗುತ್ತಿದ್ದೆ.

ಒಂಬತ್ತು ವರ್ಷದ ಹಿಂದೆ ಒಂದು ಪ್ರವಾಸದ ಪುಸ್ತಕ ಕೆಟ್ಟುಹೋಯಿತು. ಐವತ್ತು ಪ್ರತಿಗಳಲ್ಲಿ ಆರನೇ ಫಾರಂ ಎರಡೆರಡು ಸಲ ಸೇರಿತ್ತು, ಏಳನೆಯದು ನಾಪತ್ತೆ. ಓದುವವನು ಹಡಗು ಹತ್ತಿ, ಮತ್ತೊಮ್ಮೆ ಅದೇ ಹಡಗು ಹತ್ತಿ, ಇದ್ದಕ್ಕಿದ್ದಂತೆ ಮನೆಗೆ ಬಂದುಬಿಡುತ್ತಿದ್ದ. ನಲವತ್ತೊಂಬತ್ತು ಪ್ರತಿ ಅಂಗಡಿಗಳಿಂದ ವಾಪಸ್ಸು ಬಂದವು. ಮಾಲೀಕರು ಕೆಂಡಾಮಂಡಲವಾಗಿ ಯಾರ ಕೆಲಸ ಇದು ಎಂದು ಕೂಗಾಡಿದರು. "ನನ್ನ ಕೈತಪ್ಪು," ಎಂದರು ಗೆಳತಿ. ಹದಿನಾರಮ್ಮ ಎಲ್ಲರೆದುರಿಗೇ ಅವರ ಮೇಲೆ ಹರಿಹಾಯ್ದರು.

"ಕಣ್ಣು ಎಲ್ಲಿಟ್ಟಿದ್ದೆ? ನನ್ನ ಹೆಸರೂ ಮಣ್ಣುಪಾಲು ಮಾಡ್ದೆಯಲ್ಲೇ!"

ಗೆಳತಿ ತಿರುಗಿ ಒಂದು ಮಾತೂ ಆಡಲಿಲ್ಲ. ಅವತ್ತೇ ಕೆಲಸ ಹೋಯಿತು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹದಿನಾರಮ್ಮನೇ ಈಚೆ ಬದಿ ಮಡಚಿ, ಆಚೆ ಬದಿಗೆ ನಡೆದುಹೋಗಿ ಜೋಡಿಸುತ್ತಿದ್ದರು. ಹೋಗಿ ನೋಡಿಕೊಂಡು ಬನ್ನಿ ಎಂದು ನಾನು ಮೂರು ಸಲ ಹೇಳಿದೆ. "ತಪ್ಪು ಮಾಡ್ದೋಳು ಅವಳು. ಬೇಕಾದ್ರೆ ಅವಳೇ ಬರ್ಲಿ." ಇಂಥ ಮೊಂಡುತನ ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಒಂದು ಸೋಮವಾರ ಬೆಳಿಗ್ಗೆ ಅವರ ಧ್ವನಿ ಒಡೆದಿತ್ತು. ನೆಗಡಿಯೇ ಎಂದೆ. "ಇಲ್ಲಪ್ಪ, ಶನಿವಾರ ಸಂಜೆಯಿಂದ ಮಾತೇ ಆಡಿಲ್ಲ, ಅದಕ್ಕೆ," ಎಂದರು. ಅವತ್ತು ನನಗೆ ಕರಡಿನ ಒಂದು ಸಾಲೂ ತಲೆಗೆ ಹತ್ತಲಿಲ್ಲ.

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಇಲಿ ಕಡಿದ ಪುಸ್ತಕವೊಂದಕ್ಕೆ ಹೊಸ ರಟ್ಟು ಹಾಕಿಸಲು ತಂದರು. ನೋಡಿದರೆ ಅದೇ ಪ್ರವಾಸದ ಪುಸ್ತಕ, ವಾಪಸ್ಸು ಬಾರದೆ ಉಳಿದ ಐವತ್ತನೇ ಪ್ರತಿ. ಮೇಷ್ಟ್ರು ಆರನೇ ಫಾರಮ್ಮಿನವರೆಗೆ ಓದಿಯೇ ಇರಲಿಲ್ಲ ಅನಿಸುತ್ತದೆ. ಹದಿನಾರಮ್ಮ ಹೊಲಿಗೆ ಬಿಚ್ಚಿದಾಗ ಎರಡು ಆರನೇ ಫಾರಮ್ಮುಗಳ ನಡುವೆ ಒಂದು ಹಳದಿ ಚೀಟಿ ಸಿಕ್ಕಿತು. ಅದರ ಮೇಲೆ 'ಏಳು' ಎಂದು ಬರೆದಿತ್ತು. ಬರಹ ಹದಿನಾರಮ್ಮನದೇ. ಆರನೇ ಫಾರಮ್ಮಿನ ಕಟ್ಟಿನ ಮೇಲೆ ಏಳರ ಚೀಟಿ ಇಟ್ಟವರು ಅವರೇ. ಗೆಳತಿ ಆ ಚೀಟಿಯನ್ನು ನಂಬಿದ್ದರು, ಅಷ್ಟೇ.

ಹದಿನಾರಮ್ಮ ಚೀಟಿ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ನನ್ನ ಅವಳ ಮನೆಗೆ ಕರ್ಕೊಂಡು ಹೋಗಪ್ಪ. ಒಬ್ಬಳೇ ಹೊರಟ್ರೆ ಅರ್ಧ ದಾರೀಲಿ ಇಳಿದು ವಾಪಸ್ ಬಂದ್ಬಿಡ್ತೀನಿ."

ಬಾಗಿಲು ತೆರೆದದ್ದು ಗೆಳತಿಯ ಸೊಸೆ. ಹೊಸ್ತಿಲ ಬಳಿ ಮಕ್ಕಳ ಚಪ್ಪಲಿಗಳ ರಾಶಿ, ಒಳಗೆಲ್ಲೋ ಇಬ್ಬರು ಪೆನ್ಸಿಲಿಗಾಗಿ ಜಗಳವಾಡುತ್ತಿದ್ದರು. ಗೆಳತಿ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದರು. ಹದಿನಾರಮ್ಮ ಚೀಟಿಯನ್ನು ಅವರ ಮುಂದಿಟ್ಟರು.

"ಇದು ನನ್ನ ಬರಹ ಕಣೇ. ತಪ್ಪು ನಂದು."

ಗೆಳತಿ ಚೀಟಿ ಮುಟ್ಟಲೂ ಇಲ್ಲ. "ಗೊತ್ತು. ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನನಗೆ ಮನೆ ತುಂಬ ಜನ ಇದ್ರು. ಆ ಮೇಜು ಬಿಟ್ರೆ ನಿನಗೆ ಯಾರಿದ್ರು?"

ಹದಿನಾರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಗೆಳತಿ ತಡೆಯಲಿಲ್ಲ. ಅಳು ನಿಂತ ಮೇಲೆ ಮೆಲ್ಲಗೆ ಹೇಳಿದರು:

"ಕೆಲಸ ಹೋಯ್ತಲ್ಲ, ಅದು ದೊಡ್ಡದಲ್ಲ ಬಿಡು. ಬೈದಿದ್ದೂ ಮರ್ತುಬಿಡ್ತಿದ್ದೆ. ನಾಳೆ ಬರ್ತೀಯ, ನಾಡಿದ್ದು ಬರ್ತೀಯ ಅಂತ ಕಾದೆ. ಈಗ ಬಂದಿದೀಯ, ತಪ್ಪು ನಿಂದು ಅಂತ ಗೊತ್ತಾದ್ಮೇಲೆ. ಒಂದು ಮಾತು ಹೇಳು. ಅದು ನಿಜವಾಗ್ಲೂ ನನ್ನ ತಪ್ಪೇ ಆಗಿದ್ದಿದ್ರೆ, ಬರ್ತಿದ್ಯಾ?"

ಸೊಸೆ ತಂದಿಟ್ಟ ಟೀ ಆರಿ ಕೆನೆ ಕಟ್ಟಿತು. ಗೆಳತಿ ಮತ್ತೆ ಬಟ್ಟೆ ಮಡಚತೊಡಗಿದರು. ಹೊರಡುವಾಗ ಗೇಟಿನವರೆಗೆ ಬಂದು "ಹುಷಾರಾಗಿ ಹೋಗು" ಎಂದರು. ಮತ್ತೆ ಬಾ ಎನ್ನಲಿಲ್ಲ.

ಬಸ್ಸಿನಲ್ಲಿ ಹದಿನಾರಮ್ಮ ಕಿಟಕಿಯ ಪಕ್ಕ ಕೂತರು. ನಾಲ್ಕು ಸ್ಟಾಪು ದಾಟಿದೆವು.

"ಬರ್ತಿರ್ಲಿಲ್ಲ, ಕರಡಪ್ಪ," ಎಂದರು ಆಮೇಲೆ. "ಅವಳ ಮುಂದೆ ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ."