ಸಿಂಗಾಪುರದ ಕಿವಿ

ಅವರ ಕೊರಳಿನಲ್ಲಿ ಕರಿಮಣಿ ಸರದ ಜೊತೆಗೇ ವಿಷಲ್ಲಿನ ಕಪ್ಪು ದಾರವೂ ನೇತಾಡುತ್ತಿತ್ತು. ಓಡುವಾಗ ಎರಡೂ ಸಿಕ್ಕು ಹಾಕಿಕೊಂಡರೆ ಮೈದಾನದ ನಡುವೆಯೇ ನಿಂತು, ಬಾಯಲ್ಲಿ ನಮ್ಮನ್ನು ಬೈಯುತ್ತಾ ಬೆರಳಲ್ಲಿ ಗಂಟು ಬಿಡಿಸುತ್ತಿದ್ದರು. ಸೀರೆಯನ್ನು ಕಣಕಾಲಿನಿಂದ ಮೇಲಕ್ಕೆ ಎತ್ತಿ ಉಟ್ಟು ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಶೂ ಕೊಳೆಯಾದರೆ ಸ್ಟಾಫ್ ರೂಮಿನ ಸೀಮೆಸುಣ್ಣವನ್ನೇ ತೇಯ್ದು ಬಳಿದುಕೊಳ್ಳುತ್ತಿದ್ದರು. ತಿ. ನರಸೀಪುರದ ನಮ್ಮ ಹೈಸ್ಕೂಲಿನಲ್ಲಿ ಅವರು ದೈಹಿಕ ಶಿಕ್ಷಣದ ಶಿಕ್ಷಕಿ. ನಮ್ಮ ಬಾಯಲ್ಲಿ ಪೀಟಿ ಮಿಸ್.

ನಾನು ಮೂಗೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಆಟದ ಪೀರಿಯಡ್ಡಿನಲ್ಲಿ ಕಾಂಪೌಂಡಿಗೆ ಅಂಟಿಕೊಂಡು ನಿಂತಿದ್ದೆ. ಅವರು ಹತ್ತಿರ ಬಂದು, "ಯಾಕವ್ವ, ಗೋಡೆ ಬಿದ್ದೋಯ್ತದೆ ಅಂತ ಹಿಡ್ಕಂಡಿದೀಯಾ?" ಎಂದರು. ಎಲ್ಲರೂ ನಕ್ಕರು. ನಾಚಿಕೆಗೆ ಗೋಡೆ ಬಿಟ್ಟೆ. ಆ ವರ್ಷವೇ ಖೋಖೋ ತಂಡಕ್ಕೆ ಸೇರಿದೆ.

ಒಮ್ಮೆ ಊರಿನ ದೊಡ್ಡವರೊಬ್ಬರ ಮನೆಯ ಮದುವೆ ಊಟಕ್ಕೆಂದು ನಮ್ಮ ಮೈದಾನವನ್ನು ಬಿಟ್ಟುಕೊಟ್ಟಿದ್ದರು. ಮಾರನೆಯ ವಾರ ನಮಗೆ ಜಿಲ್ಲಾ ಮಟ್ಟದ ಪಂದ್ಯವಿತ್ತು. ಶಾಮಿಯಾನದ ಕಂಬಗಳನ್ನು ಹೊತ್ತ ಲಾರಿ ಗೇಟಿನ ಒಳಗೆ ಬಂದಾಗ ಮಿಸ್ ವಿಷಲ್ ಊದಿ ನಮ್ಮನ್ನು ಅಂಕಣದ ನಡುಗೆರೆಯಲ್ಲಿ ಸಾಲಾಗಿ ಕೂರಿಸಿದರು. ಹೆಡ್ ಮಾಸ್ಟರು ಓಡಿ ಬಂದು ಎಬ್ಬಿಸಲು ನೋಡಿದರು. ಮಿಸ್ ನಮ್ಮ ಕಡೆಗೆ ತಿರುಗಿ, "ಕೂತಿರೋರ್ನ ಯಾರೂ ಔಟ್ ಮಾಡಕಾಗಲ್ಲ ಕಣ್ರೇ, ಕೂತ್ಕಳಿ" ಎಂದರು. ಖೋಖೋ ನಿಯಮದ ಪ್ರಕಾರ ಅದು ನಿಜವೇ ಆಗಿತ್ತು. ಲಾರಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಮದುವೆ ಊಟ ಬೇರೆಲ್ಲೋ ನಡೆಯಿತು. ಮಿಸ್ಸಿಗೆ ಮೇಲಿನಿಂದ ನೋಟಿಸ್ ಬಂತಂತೆ. ಮಾರನೆಯ ಬೆಳಗ್ಗೆ ಅವರು ಎಂದಿನಂತೆ ವಿಷಲ್ ಊದಿದರು.

ನಿವೃತ್ತಿಯ ಮೇಲೂ ಅವರು ಮೈದಾನ ಬಿಡಲಿಲ್ಲ. ಬೆಳಗ್ಗೆ ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತಿದ್ದರು, ತಾಲ್ಲೂಕು ಪಂದ್ಯಗಳಿಗೆ ಅಂಪೈರ್ ಆಗಿ ಹೋಗುತ್ತಿದ್ದರು. ಅಷ್ಟರಲ್ಲಿ ನಾನು ಮದುವೆಯಾಗಿ ನಂಜನಗೂಡಿಗೆ ಬಂದು, ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ನಂಜನಗೂಡಿನಲ್ಲಿ ನಡೆದ ಒಂದು ಫೈನಲ್ಲಿಗೆ ಅವರೇ ಅಂಪೈರ್ ಎಂದು ತಿಳಿದು ನೋಡಲು ಹೋದೆ. ಆಟ ಬಿರುಸಾಗಿತ್ತು. ಓಡಿ ಬಂದ ಹುಡುಗಿಯೊಬ್ಬಳು ಕೂತವಳ ಬೆನ್ನು ಮುಟ್ಟಿ "ಖೋ" ಎಂದಳು. ಅಂಕಣದ ಆಚೆ ನಿಂತ ನನಗೂ ಕೇಳಿಸಿತು. ಮಿಸ್ಸಿಗೆ ಕೇಳಿಸಲಿಲ್ಲ. ಖೋ ಎನ್ನದೆಯೇ ಮುಟ್ಟಿದಳೆಂದು ಫೌಲ್ ಕೊಟ್ಟರು. ಹುಡುಗಿ ಅಳತೊಡಗಿದಳು. ಜನರ ನಡುವಿನಿಂದ ಯಾರೋ, "ಅಂಪೈರಮ್ಮಂಗೆ ಕಿವಿ ಕೇಳಲ್ಲ ಕಣ್ರೋ!" ಎಂದು ಕೂಗಿದರು. ಎಲ್ಲರ ನಗು ನೋಡಿ ಮಿಸ್ಸಿಗೆ ಅರ್ಥವಾಯಿತು. ಆಟ ನಿಲ್ಲಿಸಿ, ಆ ಹುಡುಗಿಯ ತಲೆ ನೇವರಿಸಿ, ಫೌಲನ್ನು ಹಿಂದಕ್ಕೆ ತೆಗೆದುಕೊಂಡರು. ವಿಷಲ್ಲನ್ನು ಇನ್ನೊಬ್ಬ ಅಂಪೈರಿನ ಕೈಗೆ ಕೊಟ್ಟು ಹೊರಗೆ ಬಂದರು.

"ಆ ಮಗು ಹೇಳಿತ್ತು ಕಣೇ. ನನ್ನ ಕಿವಿ ಮೋಸ ಮಾಡ್ತು" ಎಂದರು ನನಗೆ.

ಅದಾದ ಮೇಲೆ ನಿವೃತ್ತ ಶಿಕ್ಷಕರ ಗುಂಪೊಂದು ಸಿಂಗಾಪುರ ಪ್ರವಾಸಕ್ಕೆ ಹೊರಟಿತು. ಮಿಸ್ ಕೂಡ ಹೋದರು. ಅಲ್ಲಿ ಎಲ್ಲರೂ ಸೆಂಟು, ಚಾಕೊಲೇಟು ಕೊಳ್ಳುತ್ತಿದ್ದಾಗ ಇವರು ದೊಡ್ಡ ಅಂಗಡಿಯೊಂದರಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಎರಡೂ ಕಿವಿಗೆ ಮಿಷನ್ ಕೊಂಡರು. ಯಾವ ದೇಶದಲ್ಲಿ ಕೆಟ್ಟರೂ ತಮ್ಮ ಕಂಪನಿಯೇ ಸರಿಮಾಡಿಕೊಡುತ್ತದೆ ಎಂದು ಅಂಗಡಿಯವರು ಹೇಳಿದ್ದರು. ವಾರಂಟಿ ಕಾರ್ಡಿನಲ್ಲೂ ಹಾಗೇ ಅಚ್ಚಾಗಿತ್ತು. ಊರಿಗೆ ಬಂದ ಬೆಳಗ್ಗೆಯೇ ನನಗೆ ಫೋನ್ ಮಾಡಿ, "ಲೇ, ಕಾಗೆ ಇಷ್ಟೊಂದು ಕೂಗ್ತದೇನೇ?" ಎಂದು ಕೇಳಿದರು. ಮತ್ತೆ ಅಂಪೈರಿಂಗಿಗೆ ಹೋದರು. ನಂಜನಗೂಡಿಗೂ ಬಂದರು.

ಆ ಸುಖ ಬಹಳ ಕಾಲ ಉಳಿಯಲಿಲ್ಲ. ಬಲಗಿವಿಯ ಮಿಷನ್ ಒಂದು ದಿನ ಪೂರ್ತಿ ನಿಂತುಹೋಯಿತು. ಎಡಗಿವಿಯದು ಸಿಳ್ಳೆ ಹೊಡೆಯತೊಡಗಿತು. "ನಾನು ಜನ್ಮವೆಲ್ಲ ಊದಿದ್ದು ಸಾಲ್ದು ಅಂತ ಇದೂ ಊದ್ತಾ ಅದೆ" ಎಂದು ನಗುತ್ತಲೇ, ಮೈಸೂರಿನಲ್ಲಿದ್ದ ಅದೇ ಕಂಪನಿಯ ಶೋರೂಮಿಗೆ ಹೊರಟರು. ಎದುರಿನವರು ಹೇಳಿದ್ದನ್ನು ಕಿವಿಯ ಹತ್ತಿರ ಮತ್ತೆ ಹೇಳಲು ನನ್ನನ್ನು ಕರೆದುಕೊಂಡರು.

ಮ್ಯಾನೇಜರು ಮರ್ಯಾದಸ್ಥ ಯುವಕ. ಬಿಲ್ಲು ನೋಡಿ ಪಕ್ಕಕ್ಕಿಟ್ಟ.

"ಇದು ಫಾರಿನ್ ಪೀಸ್ ಮೇಡಂ. ಇಲ್ಲಿ ವಾರಂಟಿ ಬರಲ್ಲ."

ನಾನು ಮಿಸ್ಸಿನ ಕಿವಿಗೆ ಅದನ್ನೇ ಹೇಳಿದೆ. ಅವರು ಕಾರ್ಡನ್ನು ಮುಂದಕ್ಕೆ ತಳ್ಳಿದರು. "ಯಾವ ದೇಶ್ದಲ್ಲಾದ್ರೂ ಅಂತ ಅದೆಯಲ್ಲಪ್ಪ?"

"ಅದು ಸಿಂಗಾಪುರದ ಕಂಪನಿ. ನಮ್ಮದು ಇಂಡಿಯಾ ಕಂಪನಿ. ಎರಡೂ ಬೇರೆ ಬೇರೆ ಮೇಡಂ."

ಮಿಸ್ ಕತ್ತೆತ್ತಿ ಗೋಡೆಯ ಮೇಲಿನ ಬೋರ್ಡ್ ನೋಡಿದರು. "ಬೋರ್ಡ್ ಒಂದೇ ಅದೆ. ಮಾರೋವಾಗ ಒಂದೇ ಕಂಪನಿ, ರಿಪೇರಿಗೆ ಬಂದ್ರೆ ಬೇರೆ ಬೇರೆನಾ?"

ಅವನು ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಳ್ಳುವ ಆಫರ್ ತೋರಿಸಿದ. ಮಿಸ್ ಅದರ ಕಡೆ ನೋಡಲೂ ಇಲ್ಲ. "ನಂಗೆ ಕಿವಿ ಕೇಳಲ್ಲಪ್ಪ. ರಿಪೇರಿ ಮಾಡಲ್ಲ ಅಂತ ಬರ್ದು ಸೀಲ್ ಹಾಕಿ ಕೊಡು, ಓದ್ಕತೀನಿ" ಎಂದರು.

ಅಲ್ಲಿಯವರೆಗೆ ಸಲೀಸಾಗಿ ಮಾತಾಡುತ್ತಿದ್ದವನು ಬರೆಯುವ ಮಾತು ಬಂದಕೂಡಲೇ ತಡವರಿಸಿದ. ಮೇಲಿನವರನ್ನು ಕೇಳಬೇಕು ಎಂದ. ನಾಳೆ ಬನ್ನಿ ಎಂದ. ಮಿಸ್ ಬಾಗಿಲಿನ ಎದುರಿನ ಸೋಫಾದಲ್ಲಿ ಕೂತರು. ಮಧ್ಯಾಹ್ನ ಡಬ್ಬಿ ತೆರೆದು ಚಿತ್ರಾನ್ನ ತಿಂದೆವು. ಬಂದ ಗಿರಾಕಿಗಳೆಲ್ಲ "ಏನಾಯ್ತಮ್ಮ?" ಎಂದು ಕೇಳುತ್ತಿದ್ದರು. ಕಿವಿ ಕೇಳದವರ ದೊಡ್ಡ ದನಿಯಲ್ಲಿ ಮಿಸ್ ಪ್ರತಿಯೊಬ್ಬರಿಗೂ ಮೊದಲಿನಿಂದ ವಿವರಿಸುತ್ತಿದ್ದರು. ಸಂಜೆಯ ಹೊತ್ತಿಗೆ ಅವರ ಮೊಬೈಲಿಗೆ ಒಂದು ಸಾಲಿನ ಇಮೇಲ್ ಬಂತು: ವಿದೇಶದಲ್ಲಿ ಕೊಂಡದ್ದಕ್ಕೆ ಇಲ್ಲಿ ಸೇವೆ ಇಲ್ಲ. ಮಿಸ್ ಸೆರಗು ಕೊಡವಿ ಎದ್ದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಕೇಳಿದೆ, "ಇಷ್ಟೆಲ್ಲ ಯಾಕೆ ಮಿಸ್, ಹೊಸದೇ ತಗೊಂಡುಬಿಡಿ."

"ಹೊಸದು ತಗಂಡ್ರೆ ನಂಗೆ ಕಿವಿ ಬತ್ತದೆ. ಅವ್ರಿಗೆ ಬರಲ್ಲ ಕಣೇ" ಎಂದರು.

ಮೈಸೂರಿನ ಗ್ರಾಹಕರ ಆಯೋಗಕ್ಕೆ ದೂರು ಹೋಯಿತು. ವಕೀಲರಿಲ್ಲದೆ ತಾವೇ ವಾದಿಸಬಹುದು ಎಂದು ತಿಳಿದ ಮೇಲೆ ಮಿಸ್ ಬೇರೆ ಯಾರನ್ನೂ ಕೇಳಲಿಲ್ಲ. ಅವರು ಹೇಳಿದರು, ನಾನು ಟೈಪ್ ಮಾಡಿದೆ. ವಿಚಾರಣೆಯ ದಿನ ಕಂಪನಿಯ ವಕೀಲರು, ಮಾರಾಟ ನಡೆದದ್ದು ಪರದೇಶದಲ್ಲಿ, ಇಲ್ಲಿನ ಕಾನೂನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ಅದರ ಸಾರವನ್ನು ಕಿವಿಯಲ್ಲಿ ಹೇಳಿದ ಮೇಲೆ ಮಿಸ್ ಎದ್ದು ನಿಂತರು.

"ಸಿಂಗಾಪುರದ ಅಂಗಡಿ ಮೇಲೆ ನಾನು ಕೇಸ್ ಹಾಕಿಲ್ಲ ಸ್ವಾಮಿ. ಎಲ್ಲೆಲ್ಲಿ ರಿಪೇರಿ ಮಾಡ್ಕೊಡ್ತೀವಿ ಅಂತ ಕಾರ್ಡಲ್ಲಿ ಅಚ್ಚು ಹಾಕ್ಸವ್ರೆ. ಅದ್ರಲ್ಲಿ ನಮ್ಮ ದೇಶನೂ ಅದೆ, ಇವ್ರ ಆಫೀಸಿನ ವಿಳಾಸನೂ ಅದೆ. ನಾನಿರೋದು ಇಲ್ಲಿ. ಇವ್ರು ಆಗಲ್ಲ ಅಂದಿದ್ದೂ ಇಲ್ಲೇ. ಇನ್ನು ಸಿಂಗಾಪುರದ ಮಾತ್ಯಾಕೆ?"

ಗೋಡೆ ಅದುರುವಂಥ ದನಿ. ಅಧ್ಯಕ್ಷರು ನಗು ತಡೆದುಕೊಂಡು, "ಮೇಡಂ, ನಮಗೆ ಕಿವಿ ಕೇಳುತ್ತೆ" ಎಂದರು. ನಾನು ಅದನ್ನು ಮಿಸ್ಸಿಗೆ ದಾಟಿಸಿದೆ.

"ಸದ್ಯ! ಇಲ್ಲಾದ್ರೂ ಕೇಳ್ತದಲ್ಲ!" ಎಂದರು ಮಿಸ್. ಅಲ್ಲಿದ್ದವರೆಲ್ಲ ನಕ್ಕರು. ಕಂಪನಿಯ ವಕೀಲರೂ ನಕ್ಕರು.

ಅವತ್ತೇ ಹೊರಗಿನ ವರಾಂಡದಲ್ಲಿ ಆ ವಕೀಲರು ನಮ್ಮ ಬಳಿ ಬಂದರು. ದೂರು ವಾಪಸು ತೆಗೆದುಕೊಂಡರೆ ಹೊಸ ಜೋಡಿ ಕೊಡುತ್ತಾರಂತೆ, ಆದರೆ ಯಾರಿಗೂ ಹೇಳಬಾರದಂತೆ. ಮಿಸ್ ಒಂದೇ ಪ್ರಶ್ನೆ ಕೇಳಿದರು: "ನನ್ನಂಗೆ ಬೇರೆಯವ್ರು ಬಂದ್ರೆ ಅವ್ರಿಗೂ ಕೊಡ್ತೀರಾ?"

"ಇದು ನಿಮಗೆ ಮಾತ್ರ. ಹಿರಿಯರು ಅಂತ."

"ಹಂಗಾದ್ರೆ ಬ್ಯಾಡಿ."

ನನಗೆ ಸಿಟ್ಟು ಬಂತು. ಏಕೆಂದರೆ ಆ ಹಟಕ್ಕೆ ಅವರು ತೆರುತ್ತಿದ್ದ ಬೆಲೆ ನನಗೆ ಗೊತ್ತಿತ್ತು. ಆ ವರ್ಷ ಅವರು ಒಂದು ಪಂದ್ಯಕ್ಕೂ ಅಂಪೈರ್ ಆಗಲಿಲ್ಲ. ರಸ್ತೆಯಲ್ಲಿ ಹಿಂದಿನಿಂದ ಬರುವ ಗಾಡಿಗಳ ಹಾರನ್ ಕೇಳದೆ ಎರಡು ಸಲ ಬಿದ್ದಿದ್ದರು. ಅವರ ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ಇರುವೆಗೂ ಕೇಳಿಸದಷ್ಟು ಮೆತ್ತಗೆ ಮಾತಾಡುವವರು. ಅವರ ಮಾತು ಮಿಸ್ಸಿಗೆ ಕೇಳಿಸುವುದು ಈಗ ಪೂರ್ತಿ ನಿಂತುಹೋಗಿತ್ತು. ಮನೆಯೊಳಗೆ ಇಬ್ಬರೂ ಕೈಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದರು. ಸಂಜೆ ವಾಕಿಂಗ್ ಹೋಗುವಾಗ ಯಜಮಾನರು ಯಾವಾಗಲೂ ಮಿಸ್ಸನ್ನು ಒಳಬದಿಗೆ ಬಿಟ್ಟು ತಾವು ಗಾಡಿಗಳು ಬರುವ ಬದಿಯಲ್ಲೇ ನಡೆಯುತ್ತಿದ್ದರು.

ಆದೇಶ ಮಿಸ್ಸಿನ ಪರವಾಗಿ ಬಂತು. ಮಿಷನ್ನನ್ನು ಸರಿಮಾಡಿ ಕೊಡಬೇಕು, ಇಲ್ಲವೇ ಹೊಸದು ಕೊಡಬೇಕು. ಎಲ್ಲ ದೇಶಕ್ಕೂ ವಾರಂಟಿ ಎಂದು ಬರೆದುಕೊಟ್ಟ ಮೇಲೆ ಬಿಲ್ಲು ಪರದೇಶದ್ದು ಎಂಬ ಒಂದೇ ಕಾರಣಕ್ಕೆ ಯಾರನ್ನೂ ವಾಪಸು ಕಳಿಸುವಂತಿಲ್ಲ. ಮಿಸ್ ಅದನ್ನು ನನ್ನಿಂದ ಎರಡೆರಡು ಸಲ ಓದಿಸಿ, ತುಟಿ ನೋಡಿ ತಿಳಿದುಕೊಂಡರು. ಕಂಪನಿ ಸುಮ್ಮನಾಗಲಿಲ್ಲ. ಬೆಂಗಳೂರಿಗೆ ಮೇಲ್ಮನವಿ ಹೋಯಿತು.

ಆ ಮೇಲ್ಮನವಿಯ ನಡುವೆಯೇ ಮಿಸ್ ಹೋಗಿಬಿಟ್ಟರು. ಬೆಳಗ್ಗೆ ಮೈದಾನದಿಂದ ಬಂದು, ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಅವರು ತರಬೇತಿ ಕೊಟ್ಟ ಹೆಣ್ಣುಮಕ್ಕಳೇ ಹೆಗಲು ಕೊಡುತ್ತೇವೆಂದು ಹಟ ಹಿಡಿದರು. ಹಿರಿಯರು ಗೊಣಗಿದರು. ಆದರೂ ಹುಡುಗಿಯರು ಹೆಗಲು ಕೊಟ್ಟರು.

ತಿಥಿ ಮುಗಿದ ಮೇಲೆ ಕಂಪನಿಯ ಕಡೆಯವರು ಯಜಮಾನರಿಗೆ ಫೋನ್ ಮಾಡಿದರು. ಆಗ ನಾನು ಅಲ್ಲೇ ಇದ್ದೆ. ಅಮ್ಮನವರೇ ಇಲ್ಲವಲ್ಲ, ಇನ್ನು ಕಿವಿ ಮಿಷನ್ನಿನಿಂದ ಯಾರಿಗೇನು ಉಪಯೋಗ, ಏನಾದರೂ ಪರಿಹಾರ ಕೊಡುತ್ತೇವೆ, ಮುಗಿಸಿಬಿಡಿ ಎಂದರು. ಯಜಮಾನರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಅಷ್ಟು ವರ್ಷಗಳಲ್ಲಿ ನಾನು ಕೇಳಿರದ ದನಿಯಲ್ಲಿ, "ಅವಳಿಲ್ಲ. ನಾನಿದೀನಲ್ಲ, ನಡೀಲಿ ಕೇಸು" ಎಂದರು.

ತಮ್ಮ ಹೆಸರನ್ನು ಸೇರಿಸಿಕೊಂಡು ಅವರು ಬೆಂಗಳೂರಿಗೆ ಓಡಾಡಿದರು. ಮೇಲ್ಮನವಿ ವಜಾ ಆಯಿತು. ಹೊಸ ಜೋಡಿ ಬಂದಾಗ ಅದನ್ನು ಮೈಸೂರಿನಲ್ಲಿ ಕಿವಿ ಪರೀಕ್ಷೆ ಮಾಡುವವರ ಬಳಿಗೆ ಒಯ್ದು, "ಯಾರಿಗೆ ಸರಿಯಾಯ್ತದೋ ಅವ್ರಿಗೆ ಕೊಡಿ" ಎಂದು ಕೊಟ್ಟು ಬಂದರು.

ಕಳೆದ ವರ್ಷ ನಂಜನಗೂಡಿನ ನಮ್ಮ ಪಕ್ಕದ ಮನೆಯವರು, ದುಬೈನಲ್ಲಿ ತಾಯಿಗೆಂದು ಕೊಂಡು ತಂದಿದ್ದ ಮಿಷನ್ ಕೆಟ್ಟಿತೆಂದು ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅದೇ ಕಂಪನಿಯದು. ಅವರನ್ನು ಕರೆದುಕೊಂಡು ಮೈಸೂರಿನ ಆ ಶೋರೂಮಿಗೆ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಕೌಂಟರಿನಲ್ಲಿ ಹೊಸ ಹುಡುಗಿಯಿದ್ದಳು. ಬಿಲ್ಲನ್ನು ತಿರುಗಿಸಿ ನೋಡಿ, "ಫಾರಿನ್ ಪೀಸಾ? ಕೊಡಿ ಸರ್. ಮುಂದಿನ ವಾರ ಬನ್ನಿ" ಎಂದು ರಸೀದಿ ಹರಿದು ಕೊಟ್ಟಳು. ಅಷ್ಟೇ.

ನನಗೆ ತಡೆಯಲಾಗಲಿಲ್ಲ. "ಇಲ್ಲಿ ಇದನ್ನೆಲ್ಲ ತಗೊಳ್ತಿರಲಿಲ್ಲ ಅಲ್ವಾ?" ಎಂದು ಕೇಳಿದೆ.

"ಮೊದ್ಲು ತಗೋತಿರಲಿಲ್ಲವಂತೆ ಮೇಡಂ. ಯಾರೋ ಒಬ್ರು ಕೇಸ್ ಹಾಕಿದ್ರಂತೆ. ಯಾರು ಅಂತ ಗೊತ್ತಿಲ್ಲ."

"ನನಗೆ ಗೊತ್ತು. ಅವರು ನಮ್ಮ ಪೀಟಿ ಮಿಸ್ ಕಣಮ್ಮ" ಎಂದೆ. ಶೋರೂಮಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಅಷ್ಟು ಜೋರಾಗಿ ಹೇಳಿದ್ದೆ.